ತಂಗಿಯ ಕಾಗದದಲ್ಲಿ ಇನ್ನೂ ‘ಪುರುಷ’ ಅಂತಿದೆ, ಬಂಧನವಾದರೆ ಎಲ್ಲಿ ಇಡುತ್ತಾರೆ?

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನವಳು. ನನಗೆ ತಮ್ಮನಾಗಿ ಹುಟ್ಟಿದವಳು ಈಗ ತಂಗಿ. ಆರು ವರ್ಷದಿಂದ ತುಮಕೂರಿನಲ್ಲಿ ತನ್ನ ಗುರುವಿನ, ಅಂದರೆ ಮಂಗಳಮುಖಿ ಸಮುದಾಯದ ಹಿರಿಯರ ಮನೆಯಲ್ಲಿದ್ದಾಳೆ. ಹಾರ್ಮೋನ್ ಚಿಕಿತ್ಸೆ ನಡೀತಿದೆ, ಆಪರೇಷನ್ ಆಗಿಲ್ಲ. ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲದರಲ್ಲೂ ಹಳೇ ಹೆಸರು, ‘ಪುರುಷ’ ಅಂತಲೇ ಇದೆ. ಹೋದ ತಿಂಗಳು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯೊಂದಕ್ಕೆ ಕಲೆಕ್ಷನ್‌ಗೆ, ಅಂದರೆ ದುಡ್ಡು ಕೇಳೋಕೆ ಹೋದಾಗ ಮಾತಿಗೆ ಮಾತು ಬೆಳೆದು ತಳ್ಳಾಟ ಆಯಿತು. ಅಂಗಡಿಯವರು ವಸೂಲಿ, ಹಲ್ಲೆ ಅಂತ ದೂರು ಕೊಟ್ಟಿದ್ದಾರೆ. ಎಫ್‌ಐಆರ್‌ನಲ್ಲೂ ಹಳೇ ಹೆಸರೇ ಇದೆ. ಇನ್ನೂ ಅರೆಸ್ಟ್ ಮಾಡಿಲ್ಲ. ಜೈಲಿಗೆ ಹಾಕಿದರೆ ಗಂಡಸರ ಜೊತೆ ಇಡುತ್ತಾರಾ? ಆಪರೇಷನ್ ಇಲ್ಲದೆ ಟ್ರಾನ್ಸ್‌ಜೆಂಡರ್ ಗುರುತಿನ ಸರ್ಟಿಫಿಕೇಟ್ ಕೊಡಲ್ಲ ಅಂತ ಒಬ್ಬರು, ಸರ್ಟಿಫಿಕೇಟ್ ಇದ್ದರೆ ಸೀದಾ ಹೆಂಗಸರ ಜೈಲಿಗೆ ಅಂತ ಇನ್ನೊಬ್ಬರು. ಲಂಡನ್ ಕೋರ್ಟೇ ಆ ಸರ್ಟಿಫಿಕೇಟ್ ನಡೆಯಲ್ಲ ಅಂದಿದೆ, ಸುಮ್ನೆ ಯಾಕೆ ಓಡಾಡ್ತೀರಿ ಅಂತ ನಮ್ಮ ಭಾವ. ಈಗ ಕಾಗದ ಬದಲಿಸಿದರೆ ಕೇಸಿನಿಂದ ತಪ್ಪಿಸಿಕೊಳ್ಳೋಕೆ ಅಂತ ಆಗುತ್ತಾ? ಒಳಗೆ ಹೋದರೆ ಅವಳ ಗುರು ನೋಡೋಕೆ ಬರಬಹುದಾ? ನಮ್ಮಮ್ಮ ಊಟ ಬಿಟ್ಟು ಕೂತಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇವೆ, ಆದರೆ ಭಯ ಒಂದೇ. ರಾತ್ರಿ ಅವಳನ್ನು ಗಂಡಸರ ಬ್ಯಾರಕ್‌ಗೆ ಬಿಟ್ಟು ಬಾಗಿಲು ಹಾಕಿದರೆ ಏನು ಗತಿ ಅನ್ನುವುದು. ಈ ಭಯ ಸುಳ್ಳಲ್ಲ. ಹಾಗೆ ಆಗಿರುವುದು ಉಂಟು. ಆಗದ ಹಾಗೆ ನೋಡಿಕೊಳ್ಳುವ ದಾರಿಗಳೂ ಇವೆ. ಅವುಗಳಲ್ಲಿ ಹೆಚ್ಚಿನವು ಜೈಲಿನ ಗೇಟಿಗೆ ಹೋಗುವ ಮುಂಚೆಯೇ ಮಾಡಬೇಕಾದವು. ಈ ಉತ್ತರದಲ್ಲಿ ನಾನು ಒತ್ತಿ ಹೇಳಬೇಕು ಅಂದುಕೊಂಡಿರುವುದು ಅದನ್ನೇ.

ಮೊದಲು ಬಂಧನದ ವಿಷಯ. ಎಫ್‌ಐಆರ್ ಆಯಿತು ಅಂದರೆ ಬಂಧನ ಆಗಲೇಬೇಕು ಅಂತಿಲ್ಲ. ಇಂಥ ಜಗಳಗಳಲ್ಲಿ ಹಾಕುವ ಸೆಕ್ಷನ್‌ಗಳು ನಮಗೆ ಬಾಯಿಪಾಠ. ಹಲ್ಲೆ, ಬೆದರಿಕೆ, ಜೊತೆಗೆ ವಸೂಲಿ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 308(2). ಹಳೇ ಐಪಿಸಿಯಲ್ಲಿ ವಸೂಲಿಗೆ 3 ವರ್ಷದವರೆಗೆ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಅದು 7 ವರ್ಷದವರೆಗೆ ಏರಿದೆ, ಜಾಮೀನನ್ನು ಕೋರ್ಟ್‌ನಲ್ಲೇ ಕೇಳಬೇಕು. ಹಾಗಂತ ಹೆದರಬೇಡಿ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕೇ ಬೇಕು ಅನ್ನುವುದಕ್ಕೆ ಪೊಲೀಸರು ಕಾರಣ ಬರೆಯಬೇಕು. ಕಾರಣ ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು. ಇದು ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್. ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲೇ ಹೇಳಿದೆ. ನೋಟಿಸ್ ಬಂದರೆ ತಪ್ಪಿಸಿಕೊಳ್ಳಬೇಡಿ. ವಕೀಲರ ಜೊತೆ ಹೋಗಿ, ಹೋದದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ. ನೋಟಿಸ್ ಪಾಲಿಸಿದವರನ್ನು ಆಮೇಲೆ ಹಿಡಿಯಬೇಕಾದರೆ ಪೊಲೀಸರು ಮತ್ತೆ ಕಾರಣ ಬರೆಯಬೇಕಾಗುತ್ತದೆ.

ಇನ್ನೊಂದು ಮಾತು. ದುಡ್ಡು ಕೇಳಿದ್ದೇ ವಸೂಲಿ ಆಗುವುದಿಲ್ಲ. ಹಾನಿ ಮಾಡುತ್ತೇನೆ ಅಂತ ಹೆದರಿಸಿ, ಆ ಹೆದರಿಕೆಯಿಂದ ದುಡ್ಡು ಕೊಡಿಸಿಕೊಂಡಿರಬೇಕು. ಕೈ ತಟ್ಟಿದರು, ಗಲಾಟೆ ಮಾಡಿದರು ಅಂತ ಮಾತ್ರ ದೂರಿನಲ್ಲಿದ್ದರೆ ಅದು ವಾದಕ್ಕೆ ಒಳ್ಳೆಯ ಅಂಶ. ದೂರಿನ ಪ್ರತಿಯನ್ನು ವಕೀಲರು ಒಂದೊಂದು ಸಾಲಾಗಿ ಓದಲಿ.

ಪೊಲೀಸರು ನೋಟಿಸ್ ಕೊಡದೆ ಗುರುವಿನ ಮನೆಗೆ ಬಂದು ಹೋಗುತ್ತಿದ್ದರೆ ತುಮಕೂರಿನ ಸೆಷನ್ಸ್ ಕೋರ್ಟ್‌ನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು. ಅದರಲ್ಲೂ ಒಂದು ಅಪಾಯ ಇದೆ. ಅರ್ಜಿ ವಜಾ ಆದರೆ ಪೊಲೀಸರ ಕೈ ಗಟ್ಟಿಯಾಗುತ್ತದೆ. ನೋಟಿಸ್‌ನಲ್ಲಿ ಮುಗಿಯಬಹುದಾಗಿದ್ದದ್ದು ಬಂಧನಕ್ಕೆ ತಿರುಗುವುದೂ ಉಂಟು. ನಿಮ್ಮ ಪತ್ರದಲ್ಲಿ ಇರುವಷ್ಟನ್ನು ನೋಡಿ ಹೇಳುವುದಾದರೆ, ಮೊದಲು ವಕೀಲರ ಮೂಲಕ ಠಾಣೆಗೆ ‘ತನಿಖೆಗೆ ಸಹಕರಿಸುತ್ತೇವೆ, ನೋಟಿಸ್ ಕೊಡಿ’ ಅಂತ ಲಿಖಿತವಾಗಿ ಕೊಡುವುದು ಒಳ್ಳೆಯದು ಅನಿಸುತ್ತದೆ. ಸಂಜೆಯಾದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ ಅನ್ನುವ ನಿಯಮವನ್ನು ಮಾತ್ರ ನಂಬಿ ಕೂರಬೇಡಿ. ಟ್ರಾನ್ಸ್ ಮಹಿಳೆಗೂ ಅದು ಅನ್ವಯಿಸಬೇಕು ಅಂತ ನಾವು ವಾದಿಸುತ್ತೇವೆ. ಆದರೆ ಹಾಗೆ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿಲ್ಲ.

ಇಷ್ಟಾದರೂ ಬಂಧನ ಆಯಿತು ಅಂತಿಟ್ಟುಕೊಳ್ಳೋಣ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಎಲ್ಲಿ ಇಡುತ್ತಾರೆ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ, ಆದರೆ ಯಾರೂ ಕೂತು ತೀರ್ಮಾನ ಮಾಡುವುದಿಲ್ಲ. ಅದೇ ತೊಂದರೆ. ರಿಮ್ಯಾಂಡ್, ಅಂದರೆ ಮ್ಯಾಜಿಸ್ಟ್ರೇಟ್ ಕಸ್ಟಡಿಗೆ ಒಪ್ಪಿಸುವ ಹೊತ್ತಿನಲ್ಲಿ ನಡೆಯುವುದನ್ನು ಹೇಳುತ್ತೇನೆ. ಪೊಲೀಸರ ರಿಮ್ಯಾಂಡ್ ಅರ್ಜಿಯಲ್ಲಿ ಹೆಸರು, ತಂದೆ ಹೆಸರು, ವಯಸ್ಸು, ಲಿಂಗ ಇರುತ್ತದೆ. ಅದನ್ನು ಆಧಾರ್ ನೋಡಿ ಬರೆದಿರುತ್ತಾರೆ. ಕೋರ್ಟ್ ಕ್ಲರ್ಕ್ ಅದನ್ನೇ ನೋಡಿ ವಾರಂಟ್ ತಯಾರಿಸುತ್ತಾರೆ. ಜೈಲಿನ ಗೇಟಿನಲ್ಲಿ ಎಂಟ್ರಿ ಮಾಡುವ ಸಿಬ್ಬಂದಿ ವಾರಂಟ್ ನೋಡಿ ರಿಜಿಸ್ಟರ್ ಬರೆಯುತ್ತಾರೆ. ಎದುರಿಗೆ ಸೀರೆ ಉಟ್ಟು, ಜಡೆ ಹಾಕಿಕೊಂಡವಳು ನಿಂತಿದ್ದರೂ ಕಾಗದ ‘ಪುರುಷ’ ಅಂದರೆ ಗಂಡಸರ ಕಡೆಯ ಗೇಟೇ ತೆಗೆಯುತ್ತದೆ. ‘ಸಾರ್, ವಾರಂಟ್‌ನಲ್ಲಿ ಹೀಗಿದೆ, ನಾನೇನು ಮಾಡಲಿ’ ಅಂತ ಅವರು ಕೇಳುತ್ತಾರೆ. ಅವರ ಮಟ್ಟಿಗೆ ಅದು ನಿಜವಾದ ಉತ್ತರವೇ. ಒಂದು ಕಡೆ ಹೀಗೇ ಆದಾಗ ನನ್ನ ಕಕ್ಷಿದಾರಳ ಸೀರೆ ತೆಗೆಸಿ ಲುಂಗಿ ಕೊಟ್ಟಿದ್ದರು, ತಲೆಗೂದಲಿಗೆ ಕತ್ತರಿ ಹಾಕುವ ಮಾತೂ ನಡೆದಿತ್ತು. ಮಾರನೇ ದಿನ ಕೋರ್ಟ್‌ಗೆ ಓಡಿ ಆದೇಶ ತಂದೆವು. ಆ ಒಂದು ರಾತ್ರಿಯನ್ನು ವಾಪಸ್ ತರಲಿಕ್ಕೆ ಆಗಲಿಲ್ಲ.

ಹಾಗಾಗಿ ರಿಮ್ಯಾಂಡ್ ದಿನವೇ ವಕೀಲರು ಒಂದು ಪುಟದ ಮೆಮೊ ಹಾಕಬೇಕು. ಅದರಲ್ಲಿ ಇಷ್ಟಿರಲಿ: ಇವರು ಟ್ರಾನ್ಸ್‌ಜೆಂಡರ್ ಮಹಿಳೆ, ಈಗ ಬಳಸುವ ಹೆಸರು ಇದು, ಹಾರ್ಮೋನ್ ಚಿಕಿತ್ಸೆಯಲ್ಲಿದ್ದಾರೆ, ಗಂಡಸರ ಬ್ಯಾರಕ್‌ನಲ್ಲಿ ಇಟ್ಟರೆ ಜೀವಕ್ಕೂ ಮಾನಕ್ಕೂ ಅಪಾಯ, ಪ್ರತ್ಯೇಕವಾಗಿ ಆದರೆ ಒಂಟಿಯಾಗಿ ಅಲ್ಲದೆ ಇಡಬೇಕು, ದೇಹ ತಪಾಸಣೆ ಮಹಿಳಾ ಸಿಬ್ಬಂದಿಯಿಂದ ಆಗಬೇಕು, ಔಷಧಿ ನಿಲ್ಲಬಾರದು. ಇದಕ್ಕೆ ಆದೇಶ ಬರೆಸಿ, ವಾರಂಟ್ ಮೇಲೇ ಟಿಪ್ಪಣಿ ಹಾಕಿಸಬೇಕು. ವಾರಂಟ್ ಮೇಲಿನ ಎರಡು ಸಾಲು, ಆಮೇಲೆ ಹಾಕುವ ದೊಡ್ಡ ರಿಟ್ ಅರ್ಜಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಸ್ವಂತ ವಕೀಲರಿಲ್ಲದಿದ್ದರೂ ಪರವಾಗಿಲ್ಲ. ಕಸ್ಟಡಿಯಲ್ಲಿರುವ ಯಾರಿಗೇ ಆದರೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಅದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಈಗಲೇ ಹೋಗಿ ಮಾತಾಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಂಧನ ಆದ ಮೇಲೆ ಹುಡುಕುತ್ತಾ ಹೊರಟರೆ ರಿಮ್ಯಾಂಡ್ ಮುಗಿದೇ ಹೋಗಿರುತ್ತದೆ.

ಈಗ ಕೇಳಿದ ಪ್ರಶ್ನೆ: ಎಲ್ಲಿ ಇಡುತ್ತಾರೆ? ನಮ್ಮ ಜೈಲು ಕಾನೂನುಗಳ ಬೇರು 1894ರ ಕಾರಾಗೃಹ ಕಾಯ್ದೆಯಲ್ಲಿದೆ. ಅದಕ್ಕೆ ಗೊತ್ತಿದ್ದದ್ದು ಗಂಡು, ಹೆಣ್ಣು ಎರಡೇ. ಮೂರನೆಯವರ ಯೋಚನೆಯೇ ಇರಲಿಲ್ಲ. ಇದ್ದ ಯೋಚನೆ ಇನ್ನೂ ಕೆಟ್ಟದ್ದು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಹಿಜ್ರಾಗಳ ಪಟ್ಟಿ ಮಾಡಿ ನಿಗಾ ಇಡುವುದಕ್ಕೇ ಒಂದು ಭಾಗ ಇತ್ತು. ಆ ನೆರಳು ಎಷ್ಟು ಉದ್ದ ಅಂದರೆ, 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನುವ ಸೆಕ್ಷನ್ ಸೇರಿಸಿ ಅದೇ ರೀತಿ ಪಟ್ಟಿ ಇಡುವ ಅಧಿಕಾರ ಕೊಟ್ಟರು. ಹೈಕೋರ್ಟ್‌ನಲ್ಲಿ ಪ್ರಶ್ನೆ ಮಾಡಿದ ಮೇಲೆ ಅದರಿಂದ ಸಮುದಾಯದ ಹೆಸರನ್ನು ತೆಗೆದರು. ಠಾಣೆಗಳಲ್ಲಿ ಇವತ್ತಿಗೂ ಮಂಗಳಮುಖಿಯರನ್ನು ಕಂಡ ಕೂಡಲೇ ಅನುಮಾನದಿಂದ ನೋಡುವುದಕ್ಕೆ ಇಷ್ಟು ಹಿಂದಿನ ಕಾರಣಗಳಿವೆ. ಜೈಲು ಅಂಕಿಅಂಶಗಳಲ್ಲಿ ಟ್ರಾನ್ಸ್‌ಜೆಂಡರ್ ಕೈದಿಗಳನ್ನು ಬೇರೆಯಾಗಿ ಎಣಿಸಲು ಶುರು ಮಾಡಿದ್ದೇ 2020ರ ವರದಿಯಿಂದ. ಲೆಕ್ಕಕ್ಕೇ ಇಲ್ಲದವರಿಗೆ ಜಾಗ ಯಾರು ಕಟ್ಟುತ್ತಾರೆ?

2022ರ ಜನವರಿ 10ರಂದು ಕೇಂದ್ರ ಗೃಹ ಸಚಿವಾಲಯ ಎಲ್ಲಾ ರಾಜ್ಯಗಳಿಗೆ ಒಂದು ಸಲಹಾ ಪತ್ರ ಕಳಿಸಿತು. ಟ್ರಾನ್ಸ್ ಮಹಿಳೆಯರಿಗೂ ಟ್ರಾನ್ಸ್ ಪುರುಷರಿಗೂ ಬೇರೆ ಬೇರೆ ವಾರ್ಡ್ ಇರಲಿ, ಆದರೆ ಅದು ಪೂರ್ತಿ ಒಂಟಿ ಮಾಡುವಂತೆ ಆಗಬಾರದು. ಶೌಚಾಲಯ, ಸ್ನಾನದ ಜಾಗ ಪ್ರತ್ಯೇಕ ಇರಲಿ. ತಪಾಸಣೆಯನ್ನು ಅವರು ಬಯಸುವ ಲಿಂಗದ ಸಿಬ್ಬಂದಿಯೋ, ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿಯೋ ಮಾಡಲಿ. ಜೈಲಿಗೆ ಸೇರಿಸಿಕೊಳ್ಳುವಾಗ ಅವರು ಹೇಳುವ ಗುರುತನ್ನು ಗೌರವಿಸಲಿ. ಇದಿಷ್ಟು ಅದರ ತಿರುಳು. ಒಳ್ಳೆಯ ಪತ್ರ. ಆದರೆ ಅದು ಸಲಹೆ, ಕಾಯ್ದೆ ಅಲ್ಲ. ಜೈಲು ರಾಜ್ಯದ ವಿಷಯ. ಜಿಲ್ಲಾ ಮಟ್ಟದ ಜೈಲುಗಳು ಸಾಮಾನ್ಯವಾಗಿ ಚಿಕ್ಕವು, ಬೇಕೆಂದಾಗ ಬಿಟ್ಟುಕೊಡಲು ಖಾಲಿ ವಾರ್ಡ್ ಇರುವುದು ಕಡಿಮೆ. ಹಾಗಾಗಿ ನಿಜದಲ್ಲಿ ನಾಲ್ಕು ದಾರಿಗಳಲ್ಲಿ ಒಂದಾಗುತ್ತದೆ, ನಾಲ್ಕರಲ್ಲೂ ಒಂದೊಂದು ಮುಳ್ಳಿದೆ.

ಗಂಡಸರ ಬ್ಯಾರಕ್ ಅಂದರೆ ಹಿಂಸೆಯ ಭಯ. ಇಲ್ಲಿ ಕಾನೂನಿನ ಒಂದು ದೊಡ್ಡ ತೂತನ್ನೂ ಹೇಳಬೇಕು. ಅತ್ಯಾಚಾರದ ಸೆಕ್ಷನ್ ಮಹಿಳೆಯರ ಮೇಲಿನ ಅಪರಾಧಕ್ಕೆ ಮಾತ್ರ ಅನ್ವಯ. ಐಪಿಸಿಯಲ್ಲಿದ್ದ 377, ಅಂದರೆ ‘ಅಸಹಜ’ ಲೈಂಗಿಕ ಕೃತ್ಯದ ಸೆಕ್ಷನ್, ಒಪ್ಪಿಗೆ ಇಲ್ಲದ ಕೃತ್ಯಗಳಿಗೆ ಉಳಿದುಕೊಂಡಿತ್ತು. ಹೊಸ ಸಂಹಿತೆಯಲ್ಲಿ ಅದಕ್ಕೆ ಬದಲಿ ಇಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಶಿಕ್ಷೆ ಇದೆ, ಆದರೆ ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ. ಅದೇ ಕೃತ್ಯ ಹೆಣ್ಣಿನ ಮೇಲೆ ನಡೆದರೆ ಕನಿಷ್ಠವೇ 10 ವರ್ಷ. ಇದು ನನಗೆ ತೀರಾ ಅನ್ಯಾಯ ಅನಿಸುತ್ತದೆ, ಬಾಯಿ ಬಿಟ್ಟು ಹೇಳುತ್ತೇನೆ. ಆದ ಮೇಲೆ ಶಿಕ್ಷೆ ಕೊಡಿಸುವ ಬಲ ಇಷ್ಟು ಕಡಿಮೆ ಇರುವುದರಿಂದಲೇ ಆಗದ ಹಾಗೆ ತಡೆಯುವುದರ ಮೇಲೆ ನಾವು ಪಟ್ಟು ಹಿಡಿಯುವುದು.

ಎರಡನೆಯದು ಒಂಟಿ ಸೆಲ್. ‘ನಿನ್ನ ಒಳ್ಳೆಯದಕ್ಕೇ’ ಅಂತ ಹೇಳಿ ಹಾಕುತ್ತಾರೆ. ಮನೆಯವರೂ ನಿಟ್ಟುಸಿರು ಬಿಡುತ್ತಾರೆ, ಸದ್ಯ ಬಚಾವಾದಳಲ್ಲ ಅಂತ. ಆದರೆ ಗಮನಿಸಿ. ಮಿಕ್ಕವರು ಬೆಳಿಗ್ಗೆ ಹೊರಗೆ ಬಂದು ಅಂಗಳದಲ್ಲಿ ಓಡಾಡುತ್ತಾರೆ, ಟಿವಿ ನೋಡುತ್ತಾರೆ, ಕ್ಯಾಂಟೀನ್‌ಗೆ ಹೋಗುತ್ತಾರೆ, ಕೆಲಸ ಕಲಿಯುತ್ತಾರೆ. ಇವಳನ್ನು ‘ಬೇರೆಯವರ ಜೊತೆ ಬಿಟ್ಟರೆ ತೊಂದರೆ’ ಅಂತ ದಿನವಿಡೀ ಒಳಗೇ ಇಡುತ್ತಾರೆ. ಊಟ ಬಾಗಿಲ ಸಂದಿಯಿಂದ ಬರುತ್ತದೆ. ಮಾತಿಗೆ ಯಾರೂ ಇಲ್ಲ. ಯಾವ ತಪ್ಪಿಗೂ ಕೋರ್ಟ್ ಕೊಡದ ಶಿಕ್ಷೆ ರಕ್ಷಣೆಯ ಹೆಸರಿನಲ್ಲಿ ಸಿಗುತ್ತದೆ. ಒಂಟಿ ಸೆರೆಯನ್ನು ಜೈಲಿನವರು ತಮ್ಮಿಷ್ಟಕ್ಕೆ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಮೆಮೊದಲ್ಲಿ ‘ಪ್ರತ್ಯೇಕ’ ಅಂತ ಮಾತ್ರ ಬರೆದು ನಿಲ್ಲಿಸಬೇಡಿ. ‘ಒಂಟಿಯಾಗಿ ಅಲ್ಲದೆ, ಹೊರಗೆ ಓಡಾಡುವ ಹೊತ್ತು ಮತ್ತು ಮಿಕ್ಕ ಸೌಲಭ್ಯ ಎಲ್ಲರಿಗೂ ಇರುವಷ್ಟೇ’ ಅಂತ ಸೇರಿಸಿ. ಭೇಟಿಗೆ ಹೋದಾಗ ನೀವು ಅವಳನ್ನು ಕೇಳಬೇಕಾದ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಹೊತ್ತು ಹೊರಗೆ ಬಿಡುತ್ತಾರೆ ಅನ್ನುವುದು. ಉತ್ತರ ಸರಿ ಇಲ್ಲದಿದ್ದರೆ ಅವತ್ತೇ ವಕೀಲರಿಗೆ ಹೇಳಿ.

ಮೂರನೆಯದು ಹೆಂಗಸರ ವಾರ್ಡ್. ನಾಲ್ಕನೆಯದು ಬೆಂಗಳೂರಿನ ಪರಪ್ಪನ ಅಗ್ರಹಾರದಂಥ ದೊಡ್ಡ ಜೈಲಿಗೆ ವರ್ಗ. ದೊಡ್ಡ ಜೈಲಿನಲ್ಲಿ ಜಾಗ ಮಾಡಿಕೊಡುವುದು ಸುಲಭ. ಆದರೆ ತುಮಕೂರಿನಿಂದ ಬೆಂಗಳೂರೇ ಸುಮಾರು 70 ಕಿಲೋಮೀಟರ್, ಅಗ್ರಹಾರ ಆ ಊರಿನ ಆಚೆ ತುದಿ. ಗುಬ್ಬಿಯಿಂದ ನಿಮ್ಮಮ್ಮ ಭೇಟಿಗೆ ಹೋಗಿ ಬರಬೇಕಾದರೆ ದಿನವೇ ಕಳೆಯುತ್ತದೆ. ವಕೀಲರೂ ತುಮಕೂರಿನವರೇ ಆದರೆ ಮಾತಾಡಲು ಸಿಗುವುದು ಕಷ್ಟ. ಜಾಮೀನು ಬೇಗ ಸಿಗುವ ಕೇಸಾದರೆ ವರ್ಗ ಕೇಳುವುದರಲ್ಲಿ ಅರ್ಥ ಇಲ್ಲ. ತಿಂಗಳುಗಟ್ಟಲೆ ಆಗುವಂತಿದ್ದರೆ ಯೋಚಿಸಿ, ಆದರೆ ಅವಳನ್ನು ಕೇಳಿಯೇ ನಿರ್ಧರಿಸಿ.

ಹೆಂಗಸರ ವಾರ್ಡ್ ವಿಷಯಕ್ಕೆ ಬಂದರೆ ಸರ್ಟಿಫಿಕೇಟ್ ಪ್ರಶ್ನೆ ಬರುತ್ತದೆ. ಎರಡನ್ನೂ ಒಟ್ಟಿಗೆ ಹೇಳುತ್ತೇನೆ. ಇದನ್ನು ಬರೆಯುತ್ತಿರುವ 2025ರ ಕೊನೆಯಲ್ಲಿ ಜಾರಿಯಲ್ಲಿರುವ ಕಾನೂನು ಇದು. ಅರ್ಜಿ ಹಾಕುವ ದಿನ ಏನಾದರೂ ಬದಲಾಗಿದೆಯಾ ಅಂತ ವಕೀಲರನ್ನು ಕೇಳಿಕೊಳ್ಳಿ.

ಆಪರೇಷನ್ ಇಲ್ಲದೆ ಸರ್ಟಿಫಿಕೇಟ್ ಇಲ್ಲ ಅನ್ನುವುದು ತಪ್ಪು. 2019ರ ಕಾಯ್ದೆಯಲ್ಲಿ ಎರಡು ಹಂತ ಇದೆ. ಮೊದಲನೆಯದರಲ್ಲಿ ‘ಟ್ರಾನ್ಸ್‌ಜೆಂಡರ್’ ಅಂತ ಗುರುತಿನ ಪ್ರಮಾಣಪತ್ರ ಸಿಗುತ್ತದೆ. ಕೊಡುವವರು ಜಿಲ್ಲಾಧಿಕಾರಿ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ, ಜೊತೆಗೆ ತಾನು ಯಾರು ಅನ್ನುವ ಬಗ್ಗೆ ಅಫಿಡವಿಟ್. 2020ರ ನಿಯಮಗಳ ಪ್ರಕಾರ ಇದಕ್ಕೆ ವೈದ್ಯಕೀಯ ಪರೀಕ್ಷೆಯೂ ಬೇಡ, ದೇಹ ತಪಾಸಣೆಯೂ ಬೇಡ. 30 ದಿನದೊಳಗೆ ಕೊಡಬೇಕು. ಯಾರಾದರೂ ಕಚೇರಿಯಲ್ಲಿ ‘ಡಾಕ್ಟರ್ ಲೆಟರ್ ತನ್ನಿ’ ಅಂದರೆ ನಿಯಮದ ಪ್ರತಿ ಮುಂದಿಡಿ. ಎರಡನೇ ಹಂತ, ‘ಸ್ತ್ರೀ’ ಅಥವಾ ‘ಪುರುಷ’ ಅಂತಲೇ ಬದಲಿಸಿಕೊಳ್ಳುವುದು. ಅದಕ್ಕೆ ಆಸ್ಪತ್ರೆಯ ಮುಖ್ಯಸ್ಥರ ಪತ್ರ ಬೇಕು. ಕಾಯ್ದೆ ಅಲ್ಲಿ ಶಸ್ತ್ರಚಿಕಿತ್ಸೆ ಅನ್ನುತ್ತದೆ. ನಿಯಮಗಳು ಹಾರ್ಮೋನ್ ಚಿಕಿತ್ಸೆ, ಆಪ್ತಸಮಾಲೋಚನೆಯನ್ನೂ ಒಳಗೊಂಡ ವಿಶಾಲ ಅರ್ಥ ಕೊಡುತ್ತವೆ. ಈ ಎಳೆದಾಟದಲ್ಲಿ ಅರ್ಜಿಗಳು ಸಿಕ್ಕಿಕೊಳ್ಳುತ್ತವೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹಾಕಿದ ಕೇಸಿನ) ತೀರ್ಪಿನಲ್ಲಿ, ಲಿಂಗತ್ವ ಅವರವರು ಗುರುತಿಸಿಕೊಳ್ಳುವಂಥದ್ದು, ಶಸ್ತ್ರಚಿಕಿತ್ಸೆ ಮಾಡಿಸಲೇಬೇಕು ಅಂತ ಒತ್ತಾಯಿಸುವುದು ಕಾನೂನುಬಾಹಿರ ಅಂತ ಸ್ಪಷ್ಟವಾಗಿ ಹೇಳಿತ್ತು. ಹಾಗಿದ್ದೂ ಐದು ವರ್ಷದ ನಂತರ ಬಂದ ಕಾಯ್ದೆ ಎರಡನೇ ಹಂತಕ್ಕೆ ಮತ್ತೆ ಆಸ್ಪತ್ರೆಯ ಬಾಗಿಲು ತೋರಿಸಿತು.

ನಿಮ್ಮ ತಂಗಿಗೆ ಈಗ ಮೊದಲ ಹಂತ ಸಾಕು. ಈ ವಾರವೇ ಅರ್ಜಿ ಹಾಕಿಸಿ. 30 ದಿನ ಕಾಯುವಷ್ಟರಲ್ಲಿ ಬಂಧನ ಆದರೂ ಅರ್ಜಿ ಸಂಖ್ಯೆ ಇರುವ ಪ್ರಿಂಟ್ ಮತ್ತು ಅಫಿಡವಿಟ್ ಪ್ರತಿ ಮೆಮೊ ಜೊತೆ ಹೋಗುತ್ತದೆ. ಒಳಗೆ ಹೋದ ಮೇಲೂ ಅರ್ಜಿ ಹಾಕಬಹುದು. ಸರ್ಟಿಫಿಕೇಟ್ ಇಲ್ಲದವರಿಗೆ ಜೈಲಿನವರೇ ಪೋರ್ಟಲ್ ಮೂಲಕ ಅರ್ಜಿ ಹಾಕಲು ನೆರವಾಗಬೇಕು ಅಂತ ಆ 2022ರ ಪತ್ರದಲ್ಲಿದೆ.

ಹಾಗಾದರೆ ಸರ್ಟಿಫಿಕೇಟ್ ಸಿಕ್ಕರೆ ಸೀದಾ ಹೆಂಗಸರ ಜೈಲಾ? ಇಲ್ಲ. ಇದೂ ತಪ್ಪು ಕಲ್ಪನೆಯೇ. ಸರ್ಟಿಫಿಕೇಟ್ ಅವಳು ಯಾರು ಅಂತ ಹೇಳುತ್ತದೆ. ಎಲ್ಲಿ ಇಟ್ಟರೆ ಎಲ್ಲರೂ ಸುರಕ್ಷಿತ ಅನ್ನುವುದು ಬೇರೆ ಪ್ರಶ್ನೆ. ಅದನ್ನು ಆ ವ್ಯಕ್ತಿ, ಆ ಕೇಸು, ಆ ಜೈಲು ನೋಡಿ ನಿರ್ಧರಿಸಬೇಕು. ‘ಸ್ತ್ರೀ’ ಅಂತ ಸರ್ಟಿಫಿಕೇಟ್ ಇದ್ದರೆ ಹೆಂಗಸರ ವಾರ್ಡ್ ಕೇಳುವ ಹಕ್ಕು ಹೆಚ್ಚು ಗಟ್ಟಿ. ‘ಟ್ರಾನ್ಸ್‌ಜೆಂಡರ್’ ಅಂತಿದ್ದರೆ ಕೇಳಬಹುದು, ಆದರೆ ಹೆಚ್ಚು ಸಲ ಪ್ರತ್ಯೇಕ ವ್ಯವಸ್ಥೆಗೇ ಒಪ್ಪುತ್ತಾರೆ.

ಈ ಎರಡು ಪ್ರಶ್ನೆ ಬೇರೆ ಬೇರೆ ಅನ್ನುವುದು ಮರೆತರೆ ಏನಾಗುತ್ತದೆ ಅಂತ ನೋಡಬೇಕಾದರೆ ನಿಮ್ಮ ಭಾವ ಹೇಳಿದ ದೇಶಕ್ಕೇ ಹೋಗಬೇಕು. ಬ್ರಿಟನ್ನಿನಲ್ಲಿ 2004ರಿಂದ ಲಿಂಗತ್ವ ಮಾನ್ಯತೆಯ ಕಾಯ್ದೆ ಇದೆ, 2010ರ ಸಮಾನತೆ ಕಾಯ್ದೆಯೂ ಇದೆ. 2025ರ ಏಪ್ರಿಲ್ 16ರಂದು ಅಲ್ಲಿನ ಸುಪ್ರೀಂ ಕೋರ್ಟ್, ಸಮಾನತೆ ಕಾಯ್ದೆಯಲ್ಲಿ ‘ಮಹಿಳೆ’ ಅಂದರೆ ಹುಟ್ಟಿನಿಂದ ಹೆಣ್ಣಾದವರು, ಮಾನ್ಯತೆಯ ಸರ್ಟಿಫಿಕೇಟ್ ಇದ್ದರೂ ಆ ಕಾಯ್ದೆಯ ಮಟ್ಟಿಗೆ ಅದು ಬದಲಾಗದು ಅಂತ ಸರ್ವಾನುಮತದಿಂದ ತೀರ್ಪು ಕೊಟ್ಟಿತು. ಸ್ಕಾಟ್ಲೆಂಡಿನ ಸರ್ಕಾರಿ ಮಂಡಳಿಗಳಲ್ಲಿ ಮಹಿಳೆಯರ ಪಾಲು ಎಷ್ಟಿರಬೇಕು ಅನ್ನುವ ಕಾನೂನಿನಿಂದ ಶುರುವಾದ ವ್ಯಾಜ್ಯ ಅದು. ಸರ್ಟಿಫಿಕೇಟೇ ರದ್ದು ಅಂತ ಅದರಲ್ಲಿ ಹೇಳಿಲ್ಲ. ಟ್ರಾನ್ಸ್‌ಜೆಂಡರ್ ಜನರಿಗೆ ತಾರತಮ್ಯದ ವಿರುದ್ಧ ಬೇರೆಯದೇ ರಕ್ಷಣೆ ಆ ಕಾಯ್ದೆಯಲ್ಲಿ ಇದೆ, ಅದು ಹಾಗೇ ಉಳಿಯುತ್ತದೆ ಅಂತಲೂ ಅದೇ ತೀರ್ಪು ಹೇಳಿದೆ. ಈ ತೀರ್ಪಿನ ಬಗ್ಗೆ ಓಡಾಡುವ ವಿಡಿಯೊಗಳಲ್ಲಿ ಈ ಅರ್ಧ ಕಾಣಿಸುವುದಿಲ್ಲ.

ಅಲ್ಲಿನ ಜೈಲಿನ ಗಲಾಟೆ ಅದಕ್ಕೂ ಹಳೆಯದು. 2023ರ ಜನವರಿಯಲ್ಲಿ ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ಎಸಗಿದ ಅಪರಾಧಿಯನ್ನು, ಟ್ರಾನ್ಸ್ ಮಹಿಳೆ ಅಂತ ಗುರುತಿಸಿಕೊಂಡಿದ್ದಕ್ಕೆ, ಮೊದಲು ಸ್ಕಾಟ್ಲೆಂಡಿನ ಹೆಂಗಸರ ಜೈಲಿಗೆ ಕಳಿಸಿದ್ದರು. ದೊಡ್ಡ ವಿರೋಧ ಬಂದು ಗಂಡಸರ ಜೈಲಿಗೆ ಸಾಗಿಸಿದರು. ಆಮೇಲೆ ಅಲ್ಲಿನ ನಿಯಮಗಳು ಬಿಗಿಯಾದವು. ಆ ವಿರೋಧದಲ್ಲಿ ನ್ಯಾಯ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಜೈಲಿನಲ್ಲಿರುವ ಹೆಂಗಸರಲ್ಲಿ ಗಂಡಸರಿಂದ ಏಟು ತಿಂದು ಬಂದವರು ಎಷ್ಟೋ ಮಂದಿ. ಅವರ ಭಯಕ್ಕೂ ಬೆಲೆ ಇದೆ, ಅವರ ಒಪ್ಪಿಗೆ ಕೇಳದೆ ಅವರ ವಾರ್ಡ್‌ನಲ್ಲಿ ಪ್ರಯೋಗ ಮಾಡುವುದು ತಪ್ಪು. ಆದರೆ ಲೈಂಗಿಕ ಅಪರಾಧದ ಒಬ್ಬರನ್ನು ನೋಡಿ, ಅಂಗಡಿ ಮುಂದಿನ ತಳ್ಳಾಟದಲ್ಲಿ ಸಿಕ್ಕಿಬಿದ್ದ ನಿಮ್ಮ ತಂಗಿಯನ್ನು ಗಂಡಸರ ಬ್ಯಾರಕ್‌ಗೆ ಹಾಕಿದರೆ ಅದೂ ಅಷ್ಟೇ ತಪ್ಪು. ಆಪಾದನೆ ಏನು, ಹಿಂದಿನ ನಡತೆ ಏನು, ಚಿಕಿತ್ಸೆ ಯಾವ ಹಂತದಲ್ಲಿದೆ, ಅವಳಿಗೆ ಯಾರಿಂದ ಅಪಾಯ, ಅವಳಿಂದ ಯಾರಿಗಾದರೂ ಅಪಾಯವಾ, ಹೀಗೆ ಒಬ್ಬೊಬ್ಬರನ್ನೇ ನೋಡಿ ನಿರ್ಧರಿಸುವುದು ಬಿಟ್ಟರೆ ಬೇರೆ ದಾರಿ ನನಗೆ ಕಾಣುವುದಿಲ್ಲ. ಅವಳ ಮೇಲೆ ಲೈಂಗಿಕ ಅಪರಾಧದ ಆಪಾದನೆ ಇಲ್ಲ ಅನ್ನುವುದನ್ನು ಮೆಮೊದಲ್ಲಿ ಒಂದು ಸಾಲು ಬರೆಯಿಸಿ. ಹಳೇ ಕೇಸುಗಳಿಲ್ಲದಿದ್ದರೆ ಅದನ್ನೂ.

ಭಾವನಿಗೆ ಹೇಳಬೇಕಾದ ಮುಖ್ಯ ಮಾತು ಬೇರೆ. ಲಂಡನ್ ತೀರ್ಪು ಆ ದೇಶದ ಒಂದು ಕಾಯ್ದೆಯನ್ನು ಓದಿದ ರೀತಿ. ನಮಗೆ ಅನ್ವಯಿಸುವುದು ನಮ್ಮ ಸಂವಿಧಾನ. 14ನೇ ವಿಧಿಯ ಸಮಾನತೆ ಎಲ್ಲಾ ವ್ಯಕ್ತಿಗಳಿಗೂ, 15 ಮತ್ತು 16ನೇ ವಿಧಿಗಳಲ್ಲಿ ಲಿಂಗದ ಆಧಾರದ ತಾರತಮ್ಯ ಅಂದರೆ ಲಿಂಗತ್ವ ಗುರುತಿನ ಆಧಾರದ ತಾರತಮ್ಯವೂ ಸೇರಿತು ಅಂತ ನಾಲ್ಸಾ ತೀರ್ಪು ಹೇಳಿದೆ. ಸರ್ಕಾರಿ ನೇಮಕಾತಿಯಲ್ಲಿ 1% ಸಮತಲ ಮೀಸಲಾತಿಯನ್ನು, ಅಂದರೆ ಪ್ರತಿ ವರ್ಗದ ಒಳಗೂ ಸಿಗುವ ಪಾಲನ್ನು, ಕರ್ನಾಟಕ 2021ರಲ್ಲಿ ಕೊಟ್ಟದ್ದು ಇದೇ ತಳಹದಿಯ ಮೇಲೆ. 2025ರ ಅಕ್ಟೋಬರ್‌ನಲ್ಲಿ, ಟ್ರಾನ್ಸ್ ಮಹಿಳೆ ಅನ್ನುವ ಕಾರಣಕ್ಕೆ ಕೆಲಸ ಕಳೆದುಕೊಂಡ ಶಿಕ್ಷಕಿಗೆ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿ, 2019ರ ಕಾಯ್ದೆಯನ್ನು ಜಾರಿ ಮಾಡದೆ ಕೂತ ಸರ್ಕಾರಗಳನ್ನು ತರಾಟೆಗೆ ತೆಗೆದುಕೊಂಡಿತು. ಜೈಲಿನ ಗೋಡೆಯೊಳಗೆ ಈ ಹಕ್ಕುಗಳು ನಿಲ್ಲುವುದಿಲ್ಲ. ಜೈಲುಗಳಲ್ಲಿ ಜಾತಿ ನೋಡಿ ಕೆಲಸ, ಬ್ಯಾರಕ್ ಹಂಚುವುದನ್ನು 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು ಇದೇ ಸಮಾನತೆಯ ಮಾತಿನ ಮೇಲೆ.

ಕಾಗದ ಬದಲಿಸಿದರೆ ತಪ್ಪಿಸಿಕೊಳ್ಳುವ ಯತ್ನ ಅಂತ ಆಗುತ್ತಾ ಅಂದಿರಿ. ಮುಚ್ಚಿಟ್ಟು ಮಾಡಿದರೆ ಹಾಗೆ ಕಾಣಬಹುದು. ತೆರೆದು ಮಾಡಿದರೆ ಇಲ್ಲ. ಸರ್ಟಿಫಿಕೇಟ್ ಸಿಕ್ಕ ಕೂಡಲೇ ವಕೀಲರ ಮೂಲಕ ತನಿಖಾಧಿಕಾರಿಗೂ ಕೋರ್ಟಿಗೂ ಪ್ರತಿ ಕೊಟ್ಟು, ದಾಖಲೆಗಳಲ್ಲಿ ಹೊಸ ಹೆಸರು, ಪಕ್ಕದಲ್ಲಿ ‘ಹಿಂದಿನ ಹೆಸರು’ ಅಂತ ತಿದ್ದಿಸಿ. ಆಪಾದನೆಗೂ ಲಿಂಗಕ್ಕೂ ಸಂಬಂಧ ಇಲ್ಲ. ಕೇಸು ಹಾಗೇ ನಡೆಯುತ್ತದೆ. ಜಾಮೀನು ಬಾಂಡ್, ಶ್ಯೂರಿಟಿ ಕಾಗದ, ಆಧಾರ್ ಮೂರರಲ್ಲಿ ಮೂರು ಹೆಸರಾಗದ ಹಾಗೆ ಮಾತ್ರ ನೋಡಿಕೊಳ್ಳಿ. ಬಿಡುಗಡೆಯ ಆದೇಶ ಬಂದ ಸಂಜೆ ಹೆಸರು ಹೊಂದಲಿಲ್ಲ ಅಂತ ಇನ್ನೊಂದು ರಾತ್ರಿ ಒಳಗೇ ಕಳೆದವರನ್ನು ನೋಡಿದ್ದೇನೆ. ಹಾಗಾಗಿ ಆಧಾರ್ ತಿದ್ದುಪಡಿಯನ್ನು ಜಾಮೀನು ನಡೆಯುತ್ತಿರುವ ವಾರದಲ್ಲಿ ಮಾಡಿಸಬೇಡಿ. ಅದಕ್ಕೆ ಮುಂಚೆ ಮಾಡಿ, ಇಲ್ಲವೇ ಆಮೇಲೆ.

ಈಗಲೇ ಒಂದು ಫೈಲ್ ಮಾಡಿಡಿ. ಹಾರ್ಮೋನ್ ಚಿಕಿತ್ಸೆಯ ಚೀಟಿಗಳು, ಡೋಸ್ ಬರೆದ ವೈದ್ಯರ ಪತ್ರ, ಪೋರ್ಟಲ್ ಪ್ರಿಂಟ್, ಅಫಿಡವಿಟ್, ಈಗಿನ ರೂಪದ ಫೋಟೊ. ಔಷಧಿ ತಟ್ಟನೆ ನಿಂತರೆ ದೇಹಕ್ಕೂ ಮನಸ್ಸಿಗೂ ಕಷ್ಟ. ಜೈಲಿನ ವೈದ್ಯರಿಗೆ ಲಿಖಿತ ಚೀಟಿ ಇಲ್ಲದೆ ಕೊಡಲು ಆಗುವುದಿಲ್ಲ. ಬಟ್ಟೆಯ ವಿಷಯವೂ ಗೊತ್ತಿರಲಿ. ವಿಚಾರಣಾಧೀನರು ತಮ್ಮ ಸ್ವಂತ ಬಟ್ಟೆ ಹಾಕಿಕೊಳ್ಳಬಹುದು, ಸೀರೆಯನ್ನೋ ಚೂಡಿದಾರನ್ನೋ ತೆಗೆಸುವ ಹಕ್ಕು ಯಾರಿಗೂ ಇಲ್ಲ. ಒಳಗೆ ಏನಾದರೂ ಆದರೆ ಸೂಪರಿಂಟೆಂಡೆಂಟ್‌ಗೆ ಲಿಖಿತ ದೂರು, ಜೊತೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪ್ರತಿ. ಅದರ ವಕೀಲರು ಜೈಲಿಗೆ ಭೇಟಿ ಕೊಡುತ್ತಿರುತ್ತಾರೆ. ಮುಂದಿನ ವಾಯಿದೆಯಲ್ಲಿ, ವಿಡಿಯೊ ಮೂಲಕ ಹಾಜರಾದರೂ ಸರಿ, ಮ್ಯಾಜಿಸ್ಟ್ರೇಟ್‌ಗೆ ಅವಳೇ ಬಾಯಿ ಬಿಟ್ಟು ಹೇಳಬೇಕು. ಇದನ್ನು ಈಗಲೇ ಹೇಳಿಕೊಡಿ, ಯಾಕೆಂದರೆ ಆ ಹೊತ್ತಿಗೆ ಎಷ್ಟೋ ಮಂದಿ ಹೆದರಿ ಸುಮ್ಮನಾಗುತ್ತಾರೆ. ಏನೂ ಆಗದಿದ್ದರೆ ಹೈಕೋರ್ಟ್‌ಗೆ ರಿಟ್ ಇದ್ದೇ ಇದೆ.

ಕೊನೆಗೆ ಗುರುವಿನ ಭೇಟಿ. ರಕ್ತಸಂಬಂಧಿಗಳಿಗೆ ಮಾತ್ರ ಅಂತ ಗೇಟಿನಲ್ಲಿ ಹೇಳಬಹುದು. ಹಾಗೇನಿಲ್ಲ, ಸಂಬಂಧಿಕರು, ಸ್ನೇಹಿತರು, ವಕೀಲರು ಎಲ್ಲರಿಗೂ ಭೇಟಿಗೆ ಅವಕಾಶ ಇದೆ. ಆದರೆ ಜೈಲಿಗೆ ಸೇರುವಾಗ ಯಾರು ಯಾರು ಬರುತ್ತಾರೆ ಅಂತ ಹೆಸರು ಕೇಳಿದಾಗ ಅವಳು ಗುರುವಿನ ಹೆಸರನ್ನೂ ಬರೆಸಬೇಕು, ಗುರು ಬರುವಾಗ ಗುರುತಿನ ಚೀಟಿ ತರಬೇಕು. ಆ ಚೀಟಿಯಲ್ಲಿ ಯಾವ ಹೆಸರಿದೆಯೋ ಅದೇ ಹೆಸರನ್ನು ಬರೆಸಿ, ಮನೆಯಲ್ಲಿ ಕರೆಯುವ ಹೆಸರನ್ನಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರು, ಅಮ್ಮನ ಹೆಸರು, ಗುರುವಿನ ಹೆಸರು ಮೂರೂ ಇರಲಿ.